ಅಂಗಳವಿಲ್ಲದ ಮನೆ

ಮೇ ತಿಂಗಳ ಕೊನೆಯ ವಾರ. ಸಂಜೆ ನಾಲ್ಕಕ್ಕೇ ಮಂಚಿಕೇರಿ ಪೇಟೆಯ ಮೇಲೆ ಕತ್ತಲೆ ಇಳಿದಿತ್ತು. ಎಲ್ಲೋ ಒಂದು ಗುಡುಗು, ಅದರ ಹಿಂದೆಯೇ ಮಣ್ಣಿನ ವಾಸನೆ ಹೊತ್ತ ಗಾಳಿ, ಮಾಳಿಗೆಯ ಮೇಲೆ ಹರವಿದ ಹಲಸಿನ ಹಪ್ಪಳವನ್ನು ಬಾಚಿಕೊಳ್ಳಲು ಓಡುವ ಹೆಂಗಸರ ಕೂಗು, ಮೊದಲ ನಾಲ್ಕು ಹನಿ ಹಂಚಿಗೆ ಬಿದ್ದ ಟಪಟಪ. ಅಷ್ಟರಲ್ಲಿ ಕರೆಂಟು ಹೋಯಿತು. ನಮ್ಮ ಕಡೆ ಇದು ಯಾರಿಗೂ ಆಶ್ಚರ್ಯವಲ್ಲ. ಕಾಡಿನ ನಡುವೆ ಹಾದು ಬರುವ ತಂತಿಯ ಮೇಲೆ ಒಂದು ಟೊಂಗೆ ಬಿದ್ದರೆ ಸಾಕು, ಹೆಸ್ಕಾಂನವರು ಹುಡುಕಿ ಹೊರಡುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಐದು ನಿಮಿಷ ಊರು ಸುಮ್ಮನಿತ್ತು. ಆಮೇಲೆ ಒಂದೊಂದೇ ಅಂಗಡಿಯ ಹಿತ್ತಿಲಿನಿಂದ ಜನರೇಟರಿನ ಸದ್ದು ಎದ್ದಿತು. ಒಂದು ಗುರ್ರೆಂದು ಉಸಿರು ಕಟ್ಟಿದ ಹಾಗೆ, ಇನ್ನೊಂದು ಸಣ್ಣ ದನಿಯಲ್ಲಿ ಒಂದೇ ಸಮ.

ನಾನು ಕೂತಿದ್ದುದು ಇಂಥ ಯಂತ್ರಗಳ ಕಾಯಿಲೆ ನೋಡುವ ಅಂಗಡಿಯಲ್ಲಿ. ಮಳೆಗಾಲ ಹತ್ತಿರ ಬಂದರೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕೊಳೆರೋಗಕ್ಕೆ ಔಷಧಿ ಹೊಡೆಯುವ ಪಂಪುಗಳು ಸಾಲಾಗಿ ಬಂದು ಕೂತಿರುತ್ತವೆ, ಹೋದ ವರ್ಷದ ಮೈಲುತುತ್ತಿನ ನೀಲಿ ಕಲೆ ಇನ್ನೂ ಮೈಮೇಲಿರುತ್ತದೆ. ಕಳೆ ಕೊಚ್ಚುವ ಮಷಿನ್ನು, ಅಡಿಕೆ ಸುಲಿಯುವ ಯಂತ್ರದ ಮೋಟಾರು, ಬಿಚ್ಚಿಟ್ಟ ಕಾರ್ಬೊರೇಟರು, ಪೆಟ್ರೋಲಿನಲ್ಲಿ ನೆನೆಸಿಟ್ಟ ಹಿತ್ತಾಳೆಯ ಸಣ್ಣ ತೂತಿನ ಜೆಟ್ಟುಗಳು. ಅಂಗಡಿಯ ಯಜಮಾನರು ನನಗೆ ನೆಂಟಸ್ತನದಲ್ಲಿ ಭಾವ. ಮೂವತ್ತು ವರ್ಷದಿಂದ ಇದೇ ಕೆಲಸ. ಕಿವಿಯಲ್ಲೇ ಇಂಜಿನ್ನಿನ ರೋಗ ಹೇಳುತ್ತಾರೆ. ಆ ಸಂಜೆ ಅವರಿಗೊಂದು ಫೋನು ಬಂತು. ಮಾತು ಮುಗಿಸಿ, ಕೈಯ ಗ್ರೀಸನ್ನು ಹಳೇ ಪಂಚೆಯ ತುಂಡಿಗೆ ಒರೆಸುತ್ತ, "ನಾಳೆ ತದಡಿಗೆ ಹೋಗವು ಭಾವಾ. ಬೋಟಿಗೆ ಜನರೇಟರ್ ಕೂರ್ಸವಡ. ನೀನೂ ಬಾ," ಎಂದರು.

ಬೆಳಿಗ್ಗೆ ಹೊರಟೆವು. ಯಲ್ಲಾಪುರದ ದಾರಿಯಲ್ಲಿ ಬೇಡ್ತಿ ಹೊಳೆ ದಾಟುವಾಗ ಭಾವ ಜೀಪು ನಿಧಾನ ಮಾಡಿದರು. ಮಳೆ ಬೀಳುವ ಮುಂಚಿನ ಬೇಡ್ತಿ, ಬಂಡೆಗಳ ನಡುವೆ ಹಸಿರು ಮಡುಗಳಾಗಿ ಮಲಗಿತ್ತು. ಇದೇ ಹೊಳೆಗೆ ಕರೆಂಟಿಗಾಗಿ ಅಣೆಕಟ್ಟು ಕಟ್ಟುತ್ತೇವೆಂದು ಸರ್ಕಾರ ಹೊರಟಾಗ, 1980ರ ಆಸುಪಾಸಿನಲ್ಲಿ ಈ ಕಣಿವೆಯ ಅಡಿಕೆ ಬೆಳೆಗಾರರು ಲೆಕ್ಕಪತ್ರ ಹಿಡಿದು ವಾದಿಸಿ ಅದನ್ನು ತಡೆದರು. ತೋಟ ಉಳಿಯಿತು, ಕಾಡು ಉಳಿಯಿತು. ಮಾಗೋಡಿನಲ್ಲಿ ಧುಮುಕಿ, ಘಟ್ಟ ಇಳಿದು, ಹೊಳೆ ಗಂಗಾವಳಿ ಎಂಬ ಹೆಸರು ಹೊತ್ತು ಸಮುದ್ರ ಸೇರುತ್ತದೆ. ನಾವೂ ಅರಬೈಲು ಘಟ್ಟ ಇಳಿದು, ಅಂಕೋಲೆಯ ಬಿಸಿಗಾಳಿ ಮುಖಕ್ಕೆ ಹೊಡೆಸಿಕೊಂಡು, ದಕ್ಷಿಣಕ್ಕೆ ತಿರುಗಿದೆವು. ಶಿರೂರಿನಲ್ಲಿ ಗುಡ್ಡದ ಕೆಂಪು ಗಾಯ ಕಣ್ಣಿಗೆ ಬಿತ್ತು. 2024ರ ಜುಲೈ 16ರಂದು ಆ ಗುಡ್ಡ ಹೆದ್ದಾರಿಯನ್ನೂ ಅಲ್ಲಿದ್ದ ಜನರನ್ನೂ ಹೊಳೆಗೆ ತಳ್ಳಿತ್ತು. ಅಲ್ಲಿಂದ ಮುಂದೆ ಸ್ವಲ್ಪ ದೂರ ಇಬ್ಬರೂ ಮಾತಾಡಲಿಲ್ಲ.

ತದಡಿ ಮೊದಲು ಮೂಗಿಗೆ ಸಿಗುತ್ತದೆ, ಆಮೇಲೆ ಕಣ್ಣಿಗೆ. ಒಣಮೀನು, ಡೀಸೆಲ್ಲು, ಉಪ್ಪು ಹಿಡಿದ ಹಗ್ಗ, ಬಿಸಿಲಿಗೆ ಕರಗುವ ಡಾಂಬರು, ಎಲ್ಲ ಸೇರಿದ ಒಂದು ವಾಸನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಹಾಗಾಗಿ ಆ ವಾರ ಧಕ್ಕೆಯಲ್ಲಿ ವರ್ಷದ ಕೊನೆಯ ಗಡಿಬಿಡಿ. ಟ್ರಾಲ್ ಬೋಟುಗಳು ಒಂದರ ಮೈಗೊಂದು ಒರಗಿ ನಿಂತಿದ್ದವು. ಖಲಾಸಿಗಳು ಗುಡ್ಡದ ಹಾಗೆ ರಾಶಿ ಬಿದ್ದ ಬಲೆಯನ್ನು ಹೆಗಲಿನಿಂದ ಹೆಗಲಿಗೆ ದಾಟಿಸುತ್ತಿದ್ದರು. ಮಂಜುಗಡ್ಡೆ ಪುಡಿ ಮಾಡುವ ಯಂತ್ರ ಕರಕರ ಎನ್ನುತ್ತಿತ್ತು, ಬುಟ್ಟಿ ಮುಂದಿಟ್ಟುಕೊಂಡ ಹೆಂಗಸರು ಅದರ ಮೇಲೆ ದನಿಯೆತ್ತಿ ದರ ಕೂಗುತ್ತಿದ್ದರು. ಆಚೆ ದಡದಲ್ಲಿ ಅಘನಾಶಿನಿ ಊರಿನ ತೆಂಗುಗಳು. ಶಿರಸಿಯ ಕಡೆ ಹುಟ್ಟಿ, ಎಲ್ಲಿಯೂ ಅಣೆಕಟ್ಟಿಗೆ ಸಿಕ್ಕದೆ ಬರುವ ಆ ಹೊಳೆಯ ಅಳಿವೆಗೆ 2024ರಲ್ಲಿ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಸ್ಥಾನ ಸಿಕ್ಕಿದೆ. ಇಳಿತದ ಹೊತ್ತಾದ್ದರಿಂದ ಸೊಂಟದ ನೀರಿನಲ್ಲಿ ನಿಂತವರು ಕಾಲ್ಬೆರಳಲ್ಲೇ ತಡವಿ ಬಳಚು ಎಂಬ ಚಿಪ್ಪುಮೀನು ಆರಿಸುತ್ತಿದ್ದರು.

ನಾವು ನೋಡಬೇಕಿದ್ದ ದೋಣಿ ಧಕ್ಕೆಯಿಂದ ಸ್ವಲ್ಪ ಆಚೆ, ಕಾಂಡ್ಲಾ ಗಿಡಗಳ ಪಕ್ಕ, ಮರದ ದಿಮ್ಮಿಗಳ ಮೇಲೆ ಕೂತಿತ್ತು. ಹಿಂದೆ ಮೀನು ಹಿಡಿದ ಬೋಟು. ಈಗ ಪ್ರವಾಸಿಗಳನ್ನು ಅಳಿವೆಯಲ್ಲಿ ಸುತ್ತಿಸಲು ಹೊಸ ರೂಪ ತಾಳುತ್ತಿತ್ತು. ಮೀನು ತುಂಬುತ್ತಿದ್ದ ಜಾಗದಲ್ಲಿ ಎರಡು ಮಲಗುವ ಕೋಣೆ, ಒಂದು ಪುಟ್ಟ ಅಡುಗೆಮನೆ, ಮೇಲೊಂದು ಮಾಡು. ಹೊಸ ಹಲಗೆಯ ಪರಿಮಳ, ಬಡಗಿಯ ಉಳಿಯ ಸದ್ದು, ಸಂದಿಗೆ ಹತ್ತಿ ತುರುಕಿ ಎಣ್ಣೆ ಬಳಿಯುತ್ತಿದ್ದ ಮುದುಕರೊಬ್ಬರ ಗುನುಗು. ದೋಣಿಯ ಯಜಮಾನರು ಒಂದು ಕಾಲದಲ್ಲಿ ಮೀನಿನ ಬೋಟು ನಡೆಸಿದ ತಾಂಡೇಲರು. ಕಡಲಿನ ಬಿಸಿಲು ಕುಡಿದ ಮುಖ. ಹತ್ತಿರ ಬಂದು ಕೈ ಹಿಡಿದುಕೊಂಡು, ನೇರ ಹಿಂಭಾಗಕ್ಕೆ ಕರೆದೊಯ್ದರು. ಮೆಟ್ಟಿಲ ಕೆಳಗೆ ಒಂದು ಗೂಡು. ಒಳಗೆ ದಪ್ಪ ಸ್ಪಂಜು ಹೊಡೆಸಿ, ಬಾಗಿಲು ಕೂರಿಸಿದ್ದರು.

"ಇಲ್ಲಿ ಇಡುವ ಅಂತ ಭಟ್ರೆ. ಪೆಟ್ರೋಲಿಂದು, ಸೂಟ್‌ಕೇಸಿನ ಹಾಂಗೆ ಅದೆ. ಒಂದೇ ಕೈಲಿ ಎತ್ತುಕಾಗ್ತದೆ. ರೇಟೂ ಕಮ್ಮಿ. ಬಾಗ್ಲು ಹಾಕಿದ್ರೆ ಸದ್ದೇ ಇಲ್ಲ, ಮಲಗಿದವ್ರಿಗೆ ನಿದ್ದೆ ಹಾಳಾಗೂದಿಲ್ಲ."

ಭಾವ ಗೂಡಿನೊಳಗೆ ಕೈ ಹಾಕಿ, ಹಿಂದಿನ ಹಲಗೆಯನ್ನು ಬೆರಳಿನಿಂದ ಬಡಿದರು. ಆಚೆ ಬದಿ ಮಲಗುವ ಕೋಣೆ. ಮತ್ತೆ ದೋಣಿಯ ಸುತ್ತ ಒಂದು ಸುತ್ತು ಬಂದರು. ಕಿಟಕಿಗಳನ್ನು ನೋಡಿದರು, ತಳದ ಹಲಗೆ ಎತ್ತಿಸಿ ಕೆಳಗೆ ಇಣುಕಿದರು. ಆಮೇಲೆ ಒಂದು ದಿಮ್ಮಿಯ ಮೇಲೆ ಕೂತು, ಕವಳದ ಸಂಚಿ ಬಿಚ್ಚಿ, ನನ್ನ ಕಡೆ ತಿರುಗಿ ಹೇಳಿದರು: "ಭೂಮಿ ಮೇಲಾದ್ರೆ ಅಂಗಳದ ಆಚಿಗೆ ಇಡ್ಲಾಗ್ತು ಭಾವಾ. ದೋಣಿಗೆ ಅಂಗಳ ಎಲ್ಲಿದ್ದು?"

ಆ ಮಾತು ಕೇಳಿದ್ದೇ ನನಗೆ ಮಂಚಿಕೇರಿಯ ಆಟದ ರಾತ್ರಿಗಳು ಕಣ್ಣಮುಂದೆ ಬಂದವು. ಯಕ್ಷಗಾನವಿರಲಿ, ನಮ್ಮೂರಿಗೆ ಹೆಸರು ತಂದ ಸಿದ್ದಿ ಕಲಾವಿದರ ನಾಟಕವಿರಲಿ, ಜನರೇಟರನ್ನು ಗದ್ದೆಯ ಆಚೆ, ಹಾಳಿಯ ಹಿಂದೆ ಇಡುತ್ತಿದ್ದರು. ಚಂಡೆಯ ಸದ್ದಿಗೆ ಅದರ ಸದ್ದು ಅಡ್ಡ ಬರಬಾರದೆಂಬುದೊಂದೇ ಕಾರಣ. ಉದ್ದದ ಕಪ್ಪು ವಯರು ಹುಲ್ಲಿನ ಮೇಲೆ ಹಾವಿನಂತೆ ಹರಿದು ರಂಗಸ್ಥಳಕ್ಕೆ ಬರುತ್ತಿತ್ತು. ಮಕ್ಕಳಾದ ನಾವು ಚಳಿಗೆ ಅದರ ಹತ್ತಿರ ಹೋದರೆ ಯಾರಾದರೂ ಗದರಿಸಿ ಓಡಿಸುತ್ತಿದ್ದರು. ಸದ್ದಿನ ಸಲುವಾಗಿ ಇಟ್ಟ ಆ ದೂರ ನಮ್ಮ ಜೀವವನ್ನೂ ಕಾಯುತ್ತಿತ್ತೆಂದು ಆಗ ಗೊತ್ತಿರಲಿಲ್ಲ. ದೋಣಿಯಲ್ಲಿ ಆ ಗದ್ದೆ ಇಲ್ಲ. ಯಂತ್ರ, ಎಣ್ಣೆ, ಹೊಗೆ, ಅಡುಗೆ, ನಿದ್ದೆ ಎಲ್ಲವೂ ಒಂದೇ ಮರದ ಹೊಟ್ಟೆಯೊಳಗೆ.

ತಾಂಡೇಲರಿಗೆ ಭಾವ ಮೊದಲು ಹೇಳಿದ್ದು ಹೊಗೆಯ ಮಾತು. ಪೆಟ್ರೋಲ್ ಪೂರ್ತಿ ಉರಿಯದೆ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನು ಈ ಅನಿಲವನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಪ್ಪಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ಹೊಟ್ಟೆ ತೊಳೆಸುವುದು. ದಡದ ಮೇಲಾದರೆ ಏನೋ ಆಗಿದೆಯೆಂದು ಹೊರಗೆ ಓಡುತ್ತೇವೆ. ನೀರಿನ ಮೇಲೆ ಇವೇ ಲಕ್ಷಣಗಳನ್ನು ಕಡಲಕಾಯಿಲೆ ಎಂದು ತಿಳಿದು, "ಒಳಗೆ ಹೋಗಿ ಸ್ವಲ್ಪ ಮಲಗು" ಎಂದು ಮಕ್ಕಳನ್ನು ಅದೇ ಕೋಣೆಗೆ ಕಳಿಸುತ್ತೇವೆ. ಇದಕ್ಕಿಂತ ಕ್ರೂರವಾದ ತಪ್ಪು ತಿಳಿವಳಿಕೆ ಇನ್ನೊಂದಿರಲಾರದು ಅನ್ನಿಸಿತು ನನಗೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ 1200 ಭಾಗವಿದ್ದರೆ ಅದು ಕೂಡಲೇ ಜೀವಕ್ಕೆ ಅಪಾಯದ ಮಟ್ಟ. ಮುಚ್ಚಿದ ಗೂಡಿನಲ್ಲಿ ಓಡುವ ಪೆಟ್ರೋಲ್ ಯಂತ್ರ ಆ ಮಟ್ಟ ಮುಟ್ಟಲು ಬಹಳ ಹೊತ್ತು ಬೇಡ.

"ನಮ್ಮ ಕಡೆ ಬಾವಿಯೊಳಗೆ ಪಂಪು ಇಳಿಸ್ತಾರಲ್ಲ ತಾಂಡೇಲ್ರೆ, ಅದೇ ಲೆಕ್ಕ," ಎಂದರು ಭಾವ. ಬೇಸಿಗೆಯಲ್ಲಿ ನೀರು ಪಾತಾಳಕ್ಕೆ ಇಳಿದಾಗ, ಇಂಜಿನ್ ಪಂಪನ್ನು ಬಾವಿಯ ಒಳಗಟ್ಟೆಯ ಮೇಲಿಟ್ಟು ಚಾಲೂ ಮಾಡಿ, ಅದು ನಿಂತಿತೆಂದು ನೋಡಲು ಇಳಿದವನು ಮೇಲೆ ಬರುವುದಿಲ್ಲ. ಅವನನ್ನು ಎತ್ತಲು ಇಳಿದವನೂ ಬರುವುದಿಲ್ಲ. ಘಟ್ಟದ ಮೇಲಿನವರಿಗೆ ಬಾವಿ ಗೊತ್ತು, ಕರಾವಳಿಯವರಿಗೆ ದೋಣಿ ಗೊತ್ತು. ಎರಡೂ ಗಾಳಿಯಾಡದ ಗುಂಡಿಗಳೇ ಎಂಬುದು ಆ ಗೂಡಿನ ಮುಂದೆ ನಿಂತಾಗ ನನಗೆ ಹೊಳೆಯಿತು.

ತಾಂಡೇಲರು ಬಿಡಲಿಲ್ಲ. ಗೂಡು ಬೇಡವಾದರೆ ಹಿಂದುಗಡೆ ತೆರೆದ ಡೆಕ್ಕಿನ ಮೇಲಿಟ್ಟರೆ? ಹೊಗೆ ಗಾಳಿಗೆ ಹೋಗುತ್ತದಲ್ಲ? ಭಾವ ಎದ್ದು ನಿಂತು ಎರಡೂ ಅಂಗೈ ಚಾಚಿ ತೋರಿಸಿದರು. ದೋಣಿ ಮುಂದೆ ಹೋಗುವಾಗ ಅದರ ಬೆನ್ನ ಹಿಂದೆ ಗಾಳಿ ತೆಳುವಾಗಿ ಸುಳಿ ತಿರುಗುತ್ತದೆ. ಹಿಂದಿನ ಹೊಗೆ ಹಿಂದಕ್ಕೇ ಹೋಗದೆ, ತಿರುಗಿ ಕೋಣೆಯ ಕಡೆಗೇ ನುಗ್ಗುತ್ತದೆ. ಬಸ್ಸಿನ ಹಿಂದಿನ ಸೀಟಿನ ಕಿಟಕಿ ತೆರೆದು ಕೂತವರಿಗೆಲ್ಲ ಇದು ಗೊತ್ತು, ರಸ್ತೆಯ ಧೂಳು ಅಲ್ಲೇ ಒಳಗೆ ಬರುತ್ತದೆ. ಲಂಗರು ಹಾಕಿ ನಿಂತಾಗಲೂ ಅಷ್ಟೇ, ಗಾಳಿ ಬಿದ್ದುಹೋದ ರಾತ್ರಿ ಹೊಗೆ ನೀರಿನ ಮೇಲೆಯೇ ಮಲಗುತ್ತದೆ.

ಇದು ಹೆದರಿಸಲು ಹೇಳಿದ ಮಾತಲ್ಲ. ಅಮೆರಿಕದ ಅರಿಜೋನಾ ಮತ್ತು ಯೂಟಾ ರಾಜ್ಯಗಳ ಗಡಿಯಲ್ಲಿ ಲೇಕ್ ಪೊವೆಲ್ ಎಂಬ ದೊಡ್ಡ ಜಲಾಶಯವಿದೆ, ದೋಣಿಮನೆಗಳಿಗೆ ಹೆಸರಾದದ್ದು. 1990ರಿಂದ 2000ದ ನಡುವೆ ಅಲ್ಲಿ ಈ ಅನಿಲದಿಂದ ವಿಷವೇರಿದ 111 ಪ್ರಕರಣಗಳನ್ನು ತನಿಖೆ ಮಾಡಿದವರು ಗುರುತಿಸಿದರು. 74 ಪ್ರಕರಣ ದೋಣಿಮನೆಗಳಲ್ಲಿ ಆದದ್ದು, ಅವುಗಳಲ್ಲಿ 64ಕ್ಕೆ ಜನರೇಟರಿನ ಹೊಗೆಯೊಂದೇ ಕಾರಣ. ಏಳು ಜನ ತೀರಿಕೊಂಡಿದ್ದರು. ಹೊಗೆಯ ಕೊಳವೆ ದೋಣಿಯ ಹಿಂಬದಿ, ಈಜುವವರು ಹತ್ತಿ ಇಳಿಯುವ ಹಲಗೆಯ ಕೆಳಗೆ ಬಾಯಿ ತೆರೆದಿತ್ತು. ಅಲ್ಲಿ ಕೋಣೆಯೊಳಗೆ ಮಲಗಿದವರಷ್ಟೇ ಅಲ್ಲ, ತಂಪಾಗಿ ನೀರಿನಲ್ಲಿ ಆಡುತ್ತಿದ್ದವರೂ ಸತ್ತರು.

ಬಡಗಿ ಕೆಲಸ ನಿಲ್ಲಿಸಿ ಹತ್ತಿರ ಬಂದು ನಿಂತಿದ್ದ. ಹತ್ತಿ ತುರುಕುತ್ತಿದ್ದ ಮುದುಕರೂ ಕೈ ನಿಲ್ಲಿಸಿದ್ದರು. ಒಳಗಿನಿಂದ ಒಬ್ಬ ಹೆಣ್ಣುಮಗಳು ಸ್ಟೀಲಿನ ಲೋಟಗಳಲ್ಲಿ ಚಹಾ ತಂದಿಟ್ಟು, ಬಾಗಿಲ ಚೌಕಟ್ಟಿಗೆ ಒರಗಿ ಕೇಳುತ್ತ ನಿಂತಳು.

ಆಮೇಲೆ ಭಾವ ತಳದ ಹಲಗೆಯ ಬಳಿಗೆ ಹೋದರು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಲದಲ್ಲಾದರೆ ಹರಿದು ಹೋಗುತ್ತದೆ, ದೋಣಿಯಲ್ಲಿ ಅದು ಇಳಿದು ತಳದ ಕತ್ತಲೆಯಲ್ಲಿ ಕೂತು ಕಾಯುತ್ತದೆ. ಯಾರೋ ಒಂದು ಸ್ವಿಚ್ಚು ಹಾಕಿ ಕಿಡಿ ಹಾರಿದರೆ ಸಾಕು. ಪೆಟ್ರೋಲ್ ಮಂಜಿಗಿಂತ ಎಷ್ಟೋ ಕೆಳಗಿನ, ಸೊನ್ನೆಗಿಂತ ನಲವತ್ತು ಡಿಗ್ರಿ ಕಡಿಮೆಯ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಡೀಸೆಲ್ಲಿಗೆ ಅದಕ್ಕೆ ಒಳ್ಳೆಯ ಸೆಕೆಯ ಬಿಸಿಯಾದರೂ ಬೇಕು. ಮೀನುಗಾರರು ದೊಡ್ಡ ಬೋಟುಗಳಲ್ಲಿ ಡೀಸೆಲ್ಲನ್ನೇ ನಂಬಿದ್ದಾರೆ. ಅದರ ಹೊಗೆಯಲ್ಲೂ ಆ ವಿಷ ಇದೆ, ಆದರೆ ಪೆಟ್ರೋಲಿನದಕ್ಕಿಂತ ಬಹಳ ಕಡಿಮೆ. ಹಾಗಾದರೆ ನೆಲದ ಮೇಲಿನ ಅಂಗಡಿಗಳಿಗೆ ಕೊಡುವ ಡೀಸೆಲ್ ಸೆಟ್ಟು ತಂದರಾಯಿತೆ? ಅದೂ ಆಗದು ಎಂದರು. ಅವು ಸುತ್ತಲಿನ ಗಾಳಿಯಿಂದ ತಣ್ಣಗಾಗುವಂಥವು. ದೋಣಿಯ ಹೊಟ್ಟೆಯಲ್ಲಿ ಗಾಳಿ ಎಲ್ಲಿಂದ ಬರಬೇಕು? ಉಪ್ಪು ಗಾಳಿಗೆ ಎರಡು ಮಳೆಗಾಲದಲ್ಲಿ ವೈರಿನ ತುದಿಗಳು ಹಸಿರಾಗುತ್ತವೆ.

ದೋಣಿಗೆಂದೇ ಮಾಡಿದ ಯಂತ್ರದ ಬೆಲೆ ಕೇಳಿದರೆ ಎದೆ ಝಲ್ಲೆನ್ನುವುದು ನಿಜ. ಆದರೆ ಅದರ ಮೈ ಬೇರೆ. ಅದು ಸಮುದ್ರದ ನೀರು ಎಳೆದು ತನ್ನ ಕಾವು ಇಳಿಸಿಕೊಳ್ಳುತ್ತದೆ. ಸ್ಟಾರ್ಟರಿನ, ಆಲ್ಟರ್ನೇಟರಿನ ಕಿಡಿ ಹೊರಗಿನ ಆವಿಗೆ ತಾಗದ ಹಾಗೆ ಮುಚ್ಚಿರುತ್ತಾರೆ. ಹೊಗೆಯ ಕೊಳವೆಗೆ ನೀರು ಬೆರೆಸಿ ತಣ್ಣಗೆ ಮಾಡಿ ಹೊರಗೆ ಬಿಡುತ್ತದೆ, ಹಾಗಾಗಿ ಕಾದ ಕೊಳವೆ ಮರಕ್ಕೆ ಬೆಂಕಿ ಹಚ್ಚುವ ಭಯ ಕಡಿಮೆ. ಇದರಲ್ಲಿಯೂ ಒಂದು ಮೋಸವಿದೆ, ಭಾವ ಇದನ್ನು ಎರಡೆರಡು ಸಲ ಹೇಳಿದರು: ನೀರು ಹೊಗೆಯ ಮಸಿಯನ್ನೂ ವಾಸನೆಯನ್ನೂ ತೊಳೆಯುತ್ತದೆ, ವಿಷವನ್ನು ತೊಳೆಯುವುದಿಲ್ಲ. ವಾಸನೆ ಬರದಿದ್ದರೆ ಹೊಗೆಯೇ ಇಲ್ಲವೆಂದು ತಿಳಿಯಬೇಡಿ. ಯಂತ್ರ ನೀರಿನ ಮಟ್ಟಕ್ಕಿಂತ ಕೆಳಗೆ ಕೂತಿದ್ದರೆ, ನಿಲ್ಲಿಸಿದ ಮೇಲೂ ಹೊರಗಿನ ನೀರು, ತಂಪಿಗೆ ನೀರೆಳೆಯುವ ಕೊಳವೆಯಲ್ಲಿ ತಾನೇ ಎಳೆದುಕೊಂಡು ಒಳಗೆ ಬಂದು ಇಂಜಿನ್ನು ತುಂಬಬಹುದು, ದೋಣಿಯನ್ನೂ ತುಂಬಬಹುದು. ಅದಕ್ಕೆ ಆ ಕೊಳವೆಯನ್ನು ನೀರಿನ ಮಟ್ಟದ ಮೇಲಕ್ಕೆ ಕಮಾನಿನಂತೆ ಎತ್ತಿ, ಕಮಾನಿನ ನೆತ್ತಿಯಲ್ಲಿ ಗಾಳಿ ಎಳೆದುಕೊಳ್ಳುವ ವಾಲ್ವು ಕೂರಿಸಬೇಕು.

ತೂಕದ ಮಾತಿಗೆ ತಾಂಡೇಲರೇ ಮುಂದಾದರು. ಕಡಲಿನಲ್ಲಿ ಕೂದಲು ಬೆಳ್ಳಗಾದವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಭಾರದ ಯಂತ್ರ ಕೆಳಗೆ, ನಡುಮಧ್ಯದಲ್ಲಿ ಇರಬೇಕು. ಮಾಡಿನ ಮೇಲಿಟ್ಟರೆ ಹೊಗೆ ದೂರವಾದೀತು, ದೋಣಿ ಮಗುಚೀತು. ಮೀನಿನ ಬೋಟಿಗೆ ಮೇಲೊಂದು ಅಂತಸ್ತು ಕಟ್ಟಿ ಜನ ಹತ್ತಿಸಿದರೆ ಏನಾಗುತ್ತದೆಂಬುದನ್ನು 2023ರ ಮೇ 7ರ ಸಂಜೆ ಕೇರಳದ ತಾನೂರಿನಲ್ಲಿ ಎಲ್ಲರೂ ಕಂಡರು. 22 ಜನ ನೀರುಪಾಲಾದರು, ಅವರಲ್ಲಿ ಮಕ್ಕಳೇ ಬಹಳ. ಆ ಹೆಸರು ಬಂದೊಡನೆ ತಾಂಡೇಲರು ಮಾಡಿನ ಕಡೆ ಒಮ್ಮೆ ನೋಡಿ ಸುಮ್ಮನಾದರು.

ಚಹಾ ಮುಗಿದಿತ್ತು. ಭಾವ ಸಿಮೆಂಟು ಚೀಲದ ಕಾಗದದ ಹಿಂಬದಿಯಲ್ಲಿ ಲೆಕ್ಕ ಬರೆಯತೊಡಗಿದರು. ಎಂಟು ಬಲ್ಬು, ನಾಲ್ಕು ಫ್ಯಾನು, ಅರ್ಧ ಎಚ್‌ಪಿಯ ನೀರಿನ ಪಂಪು, ಫ್ರಿಜ್ಜು, ಮಿಕ್ಸರು, ಎರಡು ಏಸಿ. ಮೋಟಾರಿನ ಯಾವ ಯಂತ್ರವೂ ಎದ್ದೇಳುವ ಕ್ಷಣದಲ್ಲಿ ತಾನು ಓಡುವಾಗ ತಿನ್ನುವುದರ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ಅದನ್ನು ತಡೆಯುವ ಶಕ್ತಿ ಬೇಕು. ಹಾಗೆಂದು ಸಿಕ್ಕಾಪಟ್ಟೆ ದೊಡ್ಡದು ತಂದರೆ, ಡೀಸೆಲ್ ಇಂಜಿನ್ನು ಅರೆಹೊಟ್ಟೆಯ ಕೆಲಸದಲ್ಲಿ ಕಾಯದೆ, ಎಣ್ಣೆ ಪೂರ್ತಿ ಉರಿಯದೆ, ಕೊಳವೆಯ ತುಂಬ ಅಂಟು ಮಸಿ ಕಟ್ಟಿಕೊಳ್ಳುತ್ತದೆ. ಏಸಿ ಸೇರಿಸಿದರೆ ಲೆಕ್ಕ 5 ಕೆವಿಎ ಹತ್ತಿರ ಹೋಯಿತು. ಭಾವ ಆ ಎರಡು ಏಸಿಯ ಮೇಲೆ ಪೆನ್ನಿನಿಂದ ಗೆರೆ ಎಳೆದು ಕಾಗದ ಮುಂದೆ ಹಿಡಿದರು. ಉಳಿದದ್ದು ಬಲ್ಬು, ಫ್ಯಾನು, ಪಂಪು, ಮಿಕ್ಸರು, ಒಂದು ಫ್ರಿಜ್ಜು. ಅದಕ್ಕೆ ಮಾಡಿನ ಮೇಲೆ ಹಗುರದ ಸೋಲಾರ್ ಹಲಗೆ, ಕೆಳಗೆ ಬ್ಯಾಟರಿ ಸಾಕಲ್ಲವೆ? ಕೇರಳದ ವೈಕಂನಿಂದ ತವಣಕ್ಕಡವಿಗೆ 'ಆದಿತ್ಯ' ಎಂಬ ದೋಣಿ 75 ಜನರನ್ನು ಕೂರಿಸಿಕೊಂಡು 2017ರ ಜನವರಿಯಿಂದ ಬಿಸಿಲಿನ ಬಲದಲ್ಲೇ ಹೋಗಿ ಬರುತ್ತಿದೆ. ಅಳಿವೆಯ ರಾತ್ರಿಗೆ ಗಾಳಿಯೇ ಇದೆ, ಕಿಟಕಿ ದೊಡ್ಡದು ಮಾಡಿ ಎಂದರು.

ತಾಂಡೇಲರು ಕಾಗದವನ್ನು ಬಹಳ ಹೊತ್ತು ನೋಡಿದರು. ಬೆಂಗಳೂರಿನಿಂದ ಬರುವವರು ಏಸಿ ಇದೆಯಾ ಎಂದೇ ಮೊದಲು ಕೇಳುತ್ತಾರೆ ಎಂದರು. ಅದೂ ಸುಳ್ಳಲ್ಲ. ಹೊಟ್ಟೆಪಾಡಿನ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಹಾಗಾಗಿ ಕೊನೆಗೆ ನಡುದಾರಿಯೊಂದು ನಿಂತಿತು. ಈ ವರ್ಷ ಸೋಲಾರು, ಬ್ಯಾಟರಿ. ದುಡ್ಡು ಕೂಡಿದ ಮೇಲೆ, ಮುಂದಿನ ವರ್ಷ, ದೋಣಿಗೆಂದೇ ಮಾಡಿದ ಡೀಸೆಲ್ ಜನರೇಟರು, ಹಳೇ ಇಂಜಿನ್ ರೂಮಿನಲ್ಲಿ. ಅದಕ್ಕೆ ಗಾಳಿ ಒಳಬರುವ ದಾರಿ, ಹೊರಹೋಗುವ ದಾರಿ ಎರಡೂ ಬೇರೆ ಬೇರೆ. ಮಲಗುವ ಕೋಣೆಯ ಗೋಡೆಗೆ ಒಂದು ರಂಧ್ರವೂ ಇಲ್ಲದ ಹಾಗೆ ಮುಚ್ಚುವುದು. ಹೊಗೆಯ ಬಾಯಿ ಒಂದೇ ಮಗ್ಗುಲಿಗೆ, ಕಿಟಕಿಗಳಿಗೆ ದೂರ. ಎರಡು ಕೋಣೆಗೂ ಮೊನಾಕ್ಸೈಡ್ ಸೇರಿದರೆ ಕೂಗು ಹಾಕುವ ಪೆಟ್ಟಿಗೆ. ಆ ಪೆಟ್ಟಿಗೆಗೂ ಆಯಸ್ಸಿದೆ, ಮೇಲೆ ಬರೆದ ತಾರೀಕು ಮುಗಿದರೆ ಅದು ಬರೀ ಡಬ್ಬಿ. ಇಂಜಿನ್ ರೂಮಿನಲ್ಲಿ ಬೆಂಕಿ ಆರಿಸುವ ಸಿಲಿಂಡರು ತಾನೇ ಬಿಚ್ಚಿಕೊಳ್ಳುವಂಥದ್ದಾದರೆ, ಅದರ ಜೊತೆಗೇ ಇಂಜಿನ್ನೂ ನಿಲ್ಲಬೇಕು, ಇಲ್ಲವಾದರೆ ಓಡುವ ಡೀಸೆಲ್ ಇಂಜಿನ್ನು ಬೆಂಕಿ ಆರಿಸುವ ಅನಿಲವನ್ನೇ ಹೀರಿ ಹೊರಗೆ ಉಗುಳುತ್ತದೆ.

ವೈರಿನ ಮಾತು ಬಂದಾಗ ಭಾವನ ದನಿ ಬದಲಾಯಿತು. ಉಪ್ಪುನೀರಿನಲ್ಲಿ ಒದ್ದೆಯಾದ ಬರಿಗಾಲು, ಸುತ್ತ ತೇವ, ಕಬ್ಬಿಣದ ಕಂಬಿ. 30 ಮಿಲಿಆಂಪಿಗೆ ಬೀಳುವ ಆರ್‌ಸಿಸಿಬಿ ಇಲ್ಲದೆ ಒಂದು ಪ್ಲಗ್ಗೂ ಇರಬಾರದು ಎಂದರು. ಧಕ್ಕೆಯ ಕರೆಂಟು, ಜನರೇಟರಿನ ಕರೆಂಟು ಎಂದೂ ಒಂದನ್ನೊಂದು ಮುಟ್ಟದ ಹಾಗೆ ನಡುವೆ ಚೇಂಜ್‌ಓವರ್ ಸ್ವಿಚ್ಚು ಬೇಕು. ಅದಿಲ್ಲದೆ ಜನರೇಟರ್ ಹಚ್ಚಿದರೆ ಕರೆಂಟು ಹಿಂದಕ್ಕೆ ಹರಿದು ಊರಿನ ತಂತಿಗೆ ಸೇರುತ್ತದೆ. ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ತಂತಿ ಸತ್ತಿದೆಯೆಂದು ನಂಬಿ ಕೈ ಹಾಕಿರುತ್ತಾನೆ. ಮಂಚಿಕೇರಿಯ ಕಾಡಿನಲ್ಲಿ ರಾತ್ರಿ ಟಾರ್ಚು ಹಿಡಿದು ಬಿದ್ದ ಟೊಂಗೆ ಹುಡುಕುವ ಆ ಹುಡುಗರೆಲ್ಲ ಭಾವನಿಗೆ ಮುಖ ಪರಿಚಯದವರು.

ನಾವು ಹೊರಡುವಾಗ ಭರತ ಏರುತ್ತಿತ್ತು. ಬಳಚು ಆರಿಸುವವರು ದಡಕ್ಕೆ ಬಂದು ಚೀಲ ಹಿಂಡುತ್ತಿದ್ದರು. ಹಿಂದಿನಿಂದ ಠಕ್ ಠಕ್ ಸದ್ದು ಕೇಳಿ ತಿರುಗಿ ನೋಡಿದೆ. ಬಡಗಿ ಮೆಟ್ಟಿಲ ಕೆಳಗಿನ ಗೂಡಿನ ಬಾಗಿಲು ಕಿತ್ತು ಕೆಳಗಿಡುತ್ತಿದ್ದ. ಚಹಾ ತಂದ ಹೆಣ್ಣುಮಗಳು ಒಳಗಿನ ಸ್ಪಂಜನ್ನು ಎಳೆದೆಳೆದು ತೆಗೆಯುತ್ತಿದ್ದಳು.

ಬರುವ ಚಳಿಗಾಲಕ್ಕೆ ನೀವು ಹೊನ್ನಾವರದಲ್ಲೋ ಗೋಕರ್ಣದಲ್ಲೋ ಆಲಪ್ಪುಳದಲ್ಲೋ ಮಕ್ಕಳನ್ನು ಕಟ್ಟಿಕೊಂಡು ಇಂಥದೊಂದು ದೋಣಿ ಹತ್ತುತ್ತೀರಿ. ಏಸಿ ಇದೆಯೇ ಎಂದು ಕೇಳುವ ಮೊದಲು ಜನರೇಟರ್ ಎಲ್ಲಿದೆ, ಅದರ ಹೊಗೆ ಎಲ್ಲಿಂದ ಹೋಗುತ್ತದೆ, ಮಲಗುವ ಕೋಣೆಯಲ್ಲಿ ಕೂಗುವ ಪೆಟ್ಟಿಗೆ ಇದೆಯೇ ಎಂದು ಕೇಳಿ. ಜನರೇಟರ್ ಓಡುವಾಗ ಮಕ್ಕಳನ್ನು ದೋಣಿಯ ಹಿಂಬದಿಯಲ್ಲಿ ನೀರಿಗಿಳಿಸಬೇಡಿ. ರಾತ್ರಿ ಯಾರಿಗಾದರೂ ತಲೆನೋವು, ವಾಂತಿ ಎನ್ನಿಸಿದರೆ ಒಳಗೆ ಮಲಗಿಸಬೇಡಿ. ಯಂತ್ರ ನಿಲ್ಲಿಸಲು ಹೇಳಿ, ಮಲಗಿದವರನ್ನೆಲ್ಲ ಎಬ್ಬಿಸಿ, ದೋಣಿಯ ಮುಂದಿನ ತುದಿಗೆ, ಗಾಳಿ ಬರುವಲ್ಲಿಗೆ ಕರೆತನ್ನಿ.